ಒಂದೇ ರೋಗ, ಬೇರೆ ಬೇರೆ ಮದ್ದು



1994ರಲ್ಲಿ ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ತಿಳಿಯಿತು. ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹೆಣ್ಣುಮಗಳಿಗೂ ಅದೇ ರೋಗ. ಆಕೆಗೆ ಟ್ಯಾಮಾಕ್ಸಿಫೆನ್ ಮಾತ್ರೆ ಕೊಟ್ಟರು, ಅಕ್ಕನಿಗೆ ಕೊಡಲಿಲ್ಲ. ಎಲ್ಲರಿಗೂ ಸಮನಾಗಿ ಹಂಚುವುದೇ ನ್ಯಾಯವೆಂದು ತರಗತಿಯಲ್ಲಿ ನಿಮಗೆಲ್ಲ ಕಲಿಸಿದವನು ನಾನು. ನಮಗೆ ಭೇದ ಮಾಡಿದರೆಂದು ವೈದ್ಯರೊಡನೆ ಜಗಳವಾಡಿದೆ. ನನ್ನ ತಪ್ಪು ತಿಳಿದದ್ದು ಬಹುಕಾಲದ ಮೇಲೆ, ಈ ಚಿಕಿತ್ಸೆಯ ಚರಿತ್ರೆಯನ್ನು ಓದಿದಾಗ.

1895ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್‌ಸನ್ ಅವರು, ಸ್ತನ ಕ್ಯಾನ್ಸರ್ ಮರುಕಳಿಸಿದ್ದ 33 ವರ್ಷದ ಮಹಿಳೆಯೊಬ್ಬರ ಅಂಡಾಶಯಗಳನ್ನು ತೆಗೆದುಹಾಕಿದರು. ಕೆಲವು ತಿಂಗಳಲ್ಲಿ ಗಂಟು ಕರಗಿತು. ಆಕೆ ಸುಮಾರು ನಾಲ್ಕು ವರ್ಷ ಬದುಕಿದರು. ಮರುವರ್ಷ ಈ ವಿಷಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಗಲು, ಇತರ ವೈದ್ಯರೂ ಹಾಗೆಯೇ ಮಾಡಿನೋಡಿದರು. ಆದರೆ ಗುಣ ಕಂಡದ್ದು ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ. ಉಳಿದಿಬ್ಬರು ಆ ನೋವನ್ನು ವ್ಯರ್ಥವಾಗಿ ಉಂಡರು. ಆ ಒಬ್ಬರು ಯಾರೆಂದು ಮೊದಲೇ ಹೇಳುವ ಉಪಾಯವಿರಲಿಲ್ಲ.

ಉತ್ತರದ ಸುಳಿವು ದೊರೆಯಲು ಅರವತ್ತು ವರ್ಷ ಹಿಡಿಯಿತು. 1950ರ ದಶಕದ ಕೊನೆಯಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಎಲ್ವುಡ್ ಜೆನ್ಸನ್ ಅವರು ಈಸ್ಟ್ರೋಜೆನ್ ಹಾರ್ಮೋನಿಗೆ ವಿಕಿರಣಶೀಲ ಹೈಡ್ರೋಜನ್ನಿನ ಗುರುತು ಹಚ್ಚಿ, ಪ್ರಾಣಿದೇಹದಲ್ಲಿ ಅದು ಎಲ್ಲಿ ನೆಲೆಸುವುದೆಂದು ಹುಡುಕಿದರು. ಕೆಲವು ಅಂಗಗಳ ಜೀವಕೋಶಗಳಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಇತ್ತು. ಇದಕ್ಕೆ ಗ್ರಾಹಕವೆಂದು ಹೆಸರು. ಗ್ರಾಹಕವುಳ್ಳ ಗಂಟಿಗೆ ಹಾರ್ಮೋನೇ ಆಹಾರ. ಅದನ್ನು ತಡೆದರೆ ಸಾಮಾನ್ಯವಾಗಿ ಗಂಟು ಕುಗ್ಗುತ್ತದೆ. ಗ್ರಾಹಕವಿಲ್ಲದ ಗಂಟಿಗೆ ಆ ತಡೆಯಿಂದ ಪ್ರಯೋಜನವಿಲ್ಲ. 1970ರ ದಶಕದಲ್ಲಿ ಬಳಕೆಗೆ ಬಂದ ಟ್ಯಾಮಾಕ್ಸಿಫೆನ್ ಈ ಗ್ರಾಹಕದಲ್ಲಿಯೇ ಕುಳಿತು ಹಾರ್ಮೋನಿಗೆ ಎಡೆಗೊಡುವುದಿಲ್ಲ. ಮೊದಲು ಗಂಟನ್ನು ಪರೀಕ್ಷಿಸಿ, ಬಳಿಕ ಮದ್ದನ್ನು ನಿರ್ಧರಿಸುವ ಪದ್ಧತಿ ಹೀಗೆ ಬೆಳೆಯಿತು.

ಮುಂದೆ 1987ರಲ್ಲಿ ಡೆನ್ನಿಸ್ ಸ್ಲ್ಯಾಮನ್ ಮತ್ತು ಸಂಗಡಿಗರು, ಹರ್-2 ಎಂಬ ಜೀನ್ ಅತಿಯಾಗಿರುವ ಸ್ತನ ಕ್ಯಾನ್ಸರ್ ಹೆಚ್ಚು ಉಗ್ರವೆಂದು ತೋರಿಸಿದರು. ಐವರಲ್ಲಿ ಸುಮಾರು ಒಬ್ಬರಿಗಿರುವ ಆ ಬಗೆಗೆಂದೇ ರೂಪಿಸಿದ ಟ್ರಾಸ್ಟುಜುಮಾಬ್ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇದನ್ನೆಲ್ಲ ಓದಿದ ದಿನ ಪೆಟ್ಟಿಗೆಯಲ್ಲಿದ್ದ ಅಕ್ಕನ ಹಳೆಯ ಕಾಗದಗಳನ್ನು ಬಿಚ್ಚಿದೆ. ಪರೀಕ್ಷೆಯ ವರದಿಯಲ್ಲಿ, ಈಸ್ಟ್ರೋಜೆನ್ ಗ್ರಾಹಕವಿಲ್ಲವೆಂಬ ಅರ್ಥದ ಒಂದು ಸಾಲಿತ್ತು. ಆ ಮಾತ್ರೆ ಅವಳಿಗೆ ನಾಟುವಂತಿರಲಿಲ್ಲ. ವೈದ್ಯರು ಕೊಟ್ಟ ಕೀಮೋಥೆರಪಿಯಿಂದ ಅಕ್ಕ ಇನ್ನೂ ಆರು ವರ್ಷ ನಮ್ಮೊಡನಿದ್ದಳು. ಆ ವೈದ್ಯರ ಕ್ಷಮೆ ಕೇಳಲು ನನಗೆ ಅವಕಾಶ ದೊರೆಯಲಿಲ್ಲ.

ನಿಮ್ಮ ಮನೆಯವರಿಗೆ ಇಂತಹ ಕಷ್ಟ ಬಂದರೆ, ನೆರೆಯವರ ಮದ್ದನ್ನು ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ. ವರದಿಯನ್ನು ಮುಂದಿಟ್ಟು, "ಇದರಲ್ಲಿ ಏನಿದೆ?" ಎಂದು ವೈದ್ಯರನ್ನು ಕೇಳಿರಿ. ನಾನು ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದು.