ಎರಡಾಣೆಯ ಪಿಗ್ಮಿಯೂ ಇಪ್ಪತ್ತೆಂಟು ದಿನದ ತಿಂಗಳೂ

ಕಳೆದ ತಿಂಗಳು ಕಾಪುವಿಗೆ ಹೋಗಿದ್ದಾಗ ನನ್ನ ಚಿಕ್ಕಮ್ಮ ಒಂದು ಪ್ರಶ್ನೆ ಹಾಕಿದರು. "ತಿಂಗಳೆಂದರೆ ಮೂವತ್ತು ದಿನ ಅಲ್ಲವಾ ಮಾರಾಯ? ಈ ಮೊಬೈಲಿನವರ ತಿಂಗಳಿಗೆ ಮಾತ್ರ ಇಪ್ಪತ್ತೆಂಟೇ ದಿನ ಯಾಕೆ?" ಕನ್ನಡ ಪಾಠ ಹೇಳುವ ನನಗೆ ಅಧಿಕಮಾಸ, ಕ್ಷಯಮಾಸಗಳ ಸಂಗತಿ ಅಷ್ಟಿಷ್ಟು ಗೊತ್ತು, ಈ ಹೊಸ ಪಂಚಾಂಗ ಗೊತ್ತಿರಲಿಲ್ಲ. ಚಿಕ್ಕಮ್ಮನ ಕೈಯಲ್ಲಿದ್ದುದು ಹಳೆಯ ಬಟನ್ ಫೋನು. ಮಗ, ಸೊಸೆ ಇರುವುದು ಮುಂಬಯಿಯಲ್ಲಿ. ಮೊಮ್ಮಗಳಿಗೆ ಎಂಟು ತಿಂಗಳು ತುಂಬಿದೆ. ಅಜ್ಜಿ ಅವಳ ಮುಖ ಕಂಡದ್ದು ಒಂದೇ ಸಲ. ಸ್ಮಾರ್ಟ್‌ಫೋನು ಕೊಡಿಸುತ್ತೇನೆಂದು ಮಗ ಹೇಳಿದಾಗಲೆಲ್ಲ, "ತಿಂಗಳು ತಿಂಗಳು ಅಷ್ಟು ಹಣ ನೀರಿಗೆ ಹಾಕುವುದು ಯಾಕೆ?" ಎಂದು ಇವರು ಮುಂದೂಡುತ್ತಲೇ ಬಂದಿದ್ದರು.

ಇದು ಬರಿಯ ಜಿಪುಣತನವೆಂದು ನಕ್ಕುಬಿಡುವಂತಿಲ್ಲ. ದೂರದಲ್ಲಿರುವ ಮಕ್ಕಳಿಗೆ ಯಾವ ಸುದ್ದಿಯನ್ನು ಯಾವ ಬೆಲೆಗೆ ಮುಟ್ಟಿಸಬೇಕು ಎಂಬ ಲೆಕ್ಕ ನಮ್ಮ ಉಡುಪಿಯ ಕಡೆಯ ಮನೆಗಳಿಗೆ ಬಹಳ ಹಳೆಯದು. ಹೋಟೆಲಿನ ಕೆಲಸಕ್ಕೆಂದು ಮುಂಬಯಿ, ಮದರಾಸುಗಳಿಗೆ ಹೋದವರ ಊರು ಇದು. ೧೮೭೯ರಲ್ಲಿ ಭಾರತಕ್ಕೆ ಪೋಸ್ಟ್ ಕಾರ್ಡು ಬಂದಾಗ ಅದರ ಬೆಲೆ ಕಾಲಾಣೆ. ಕ್ಷೇಮಸಮಾಚಾರಕ್ಕೆ ಕಾರ್ಡು, ಮನೆಯ ಗುಟ್ಟಿಗೆ ಲಕೋಟೆ, ಸಾವು ನೋವಿಗೆ ತಂತಿ ಎಂದು ಜನ ತಾವೇ ಗೆರೆ ಎಳೆದುಕೊಂಡರು. ತಂತಿಗೆ ಪದಗಳ ಲೆಕ್ಕದಲ್ಲಿ ದುಡ್ಡು. ಆದ್ದರಿಂದಲೇ ನಾಲ್ಕು ಪದಗಳಲ್ಲಿ ಇಡೀ ಮನೆಯನ್ನು ಅಳಿಸಬಲ್ಲ ಶೈಲಿಯೊಂದು ಹುಟ್ಟಿತು. ಆ ತಂತಿಸೇವೆ ೨೦೧೩ರ ಜುಲೈಯಲ್ಲಿ ನಿಂತುಹೋಯಿತು.

ಟ್ರಂಕ್ ಕಾಲ್ ಬಂದ ಮೇಲೂ ಇದೇ ವಿವೇಕ ನಡೆಯಿತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಅದರಲ್ಲಿ ದರ್ಜೆಗಳಿದ್ದವು. ದರ್ಜೆ ಏರಿದಂತೆ ದರವೂ ಏರುತ್ತಿತ್ತು. ೧೯೬೦ರಲ್ಲಿ ಲಕ್ನೋ ಕಾನ್ಪುರಗಳ ನಡುವೆ ನೇರವಾಗಿ ಡಯಲು ಮಾಡುವ ಎಸ್.ಟಿ.ಡಿ. ಮೊದಲಾಗಿ, ಮುಂದೆ ಅದು ಊರೂರಿಗೂ ಹಬ್ಬಿತು. ರಾತ್ರಿಯ ಹೊತ್ತು ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಂತವರನ್ನು ನನ್ನ ಓರಗೆಯವರೆಲ್ಲ ಬಲ್ಲರು. ಗಾಜಿನ ಗೂಡಿನೊಳಗೆ ಮಾತಾಡುವವರ ಕಣ್ಣು ಮೀಟರಿನ ಕೆಂಪು ಅಂಕಿಗಳ ಮೇಲೆಯೇ ಇರುತ್ತಿತ್ತು.

೧೯೯೫ರ ಜುಲೈ ೩೧ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದಿಲ್ಲಿಯಲ್ಲಿದ್ದ ಸಚಿವ ಸುಖರಾಮ್ ಅವರೊಡನೆ ಮಾತಾಡಿದ್ದೇ ದೇಶದ ಮೊದಲ ಮೊಬೈಲ್ ಕರೆ. ಆಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. ೨೦೦೩ರಲ್ಲಿ ಆ ಕಾಟ ತಪ್ಪಿತು. ಕೊಟ್ಟು ಕಡಿಯುವ 'ಮಿಸ್ಡ್ ಕಾಲ್' ಎಂಬ ಪುಕ್ಕಟೆ ತಂತಿಯನ್ನು ಅಷ್ಟರಲ್ಲಿ ನಮ್ಮವರೇ ಕಂಡುಹಿಡಿದುಕೊಂಡಿದ್ದರು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಲೆಕ್ಕವೇ ತಿರುವುಮುರುವಾಯಿತು. ಮಾತಿಗೆ ಬೇರೆ ಬೆಲೆಯಿಲ್ಲವಾಯಿತು. ಮಾರಾಟಕ್ಕಿರುವುದು ಡೇಟಾ, ಅದೂ ದಿನಕ್ಕೆ ಇಷ್ಟು ಎಂದು ಅಳೆದು.

ಇಲ್ಲಿಯೇ ನಮ್ಮ ಜಿಲ್ಲೆಯ ಇನ್ನೊಂದು ಚರಿತ್ರೆ ನೆನಪಿಗೆ ಬರುತ್ತದೆ. ಮಣಿಪಾಲವನ್ನು ಕಟ್ಟಿದ ಡಾ. ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಅವರು ಕೈಮಗ್ಗದ ನೇಕಾರರ ಕಷ್ಟವನ್ನು ಕಂಡು ೧೯೨೫ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. ೨೦೨೦ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ೧೯೨೮ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಒಯ್ಯುತ್ತಿದ್ದರು. ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ಇಂದಿನದು ನಾಳೆಗೆ ಸೇರಿಕೊಳ್ಳುತ್ತಿತ್ತು. ಕೊನೆಗೆ ಬಡ್ಡಿಯೊಡನೆ ಕೈಗೆ ಬರುತ್ತಿತ್ತು.

ಡೇಟಾದ ರೀತಿ ಇದಕ್ಕೆ ತೀರ ವಿರುದ್ಧ. ದಿನಕ್ಕೆ ಒಂದೂವರೆ ಜಿ.ಬಿ. ಕೊಡುವ ಪ್ಯಾಕಿನಲ್ಲಿ ಇಂದು ಉಳಿದದ್ದು ಸಾಮಾನ್ಯವಾಗಿ ನಡುರಾತ್ರಿಗೆ ಇಲ್ಲವಾಗುತ್ತದೆ. ಇಪ್ಪತ್ತೆಂಟು ದಿನಕ್ಕೆ ನಲವತ್ತೆರಡು ಜಿ.ಬಿ. ಆಯಿತು. ನಮ್ಮ ಚಿಕ್ಕಮ್ಮನಿಗೆ ಬೇಕಾದುದೆಷ್ಟು? ವಾರಕ್ಕೆರಡು ಸಲ, ಅರ್ಧ ಅರ್ಧ ಗಂಟೆ ಮೊಮ್ಮಗಳನ್ನು ಕಾಣುವುದು. ಒಂದು ಸಲಕ್ಕೆ ಮುನ್ನೂರು ಎಂ.ಬಿ. ಎಂದು ಹಿಡಿದರೂ ಎಂಟು ಸಲಕ್ಕೆ ಎರಡೂವರೆ ಜಿ.ಬಿ. ಸಾಕು. ಉಳಿದದ್ದಕ್ಕೂ ಹಣ ಕೊಟ್ಟಂತೆಯೇ. ಇನ್ನು ಇಪ್ಪತ್ತೆಂಟರ ಗುಟ್ಟು: ಹದಿಮೂರು ಸಲ ಕಟ್ಟಿದರೆ ಮುನ್ನೂರ ಅರುವತ್ತನಾಲ್ಕು ದಿನ. ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ತಿಂಗಳು!

ಚಿಕ್ಕಮ್ಮನ ಪ್ರಶ್ನೆಯನ್ನು ದೇಶದಲ್ಲಿ ಹಲವರು ಕೇಳಿರಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೨೨ರಲ್ಲಿ, ಪ್ರತಿ ಕಂಪನಿಯೂ ಮೂವತ್ತು ದಿನದ ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಯೋಜನೆಯನ್ನೂ ಇಡಬೇಕೆಂದು ಆಜ್ಞೆ ಮಾಡಿತು. ೨೦೨೪ರ ಡಿಸೆಂಬರಿನಲ್ಲಿ, ಡೇಟಾ ಬೇಡದವರಿಗೆ ಮಾತು ಮತ್ತು ಎಸ್.ಎಂ.ಎಸ್. ಮಾತ್ರವಿರುವ ಪ್ಯಾಕನ್ನು ಕೊಡಬೇಕೆಂದಿತು. ಅಂಗಡಿಯವನು ಮೊದಲು ತೋರಿಸುವುದು ಇವನ್ನಲ್ಲದಿರಬಹುದು, ಕೇಳಿ ಪಡೆಯಬೇಕು.

ಪ್ಯಾಕಿನ ಆಯ್ಕೆ ಊರನ್ನೂ ನೋಡಿ ಆಗಬೇಕು. ಮಣಿಪಾಲದ ಹಾಸ್ಟೆಲಿನಲ್ಲಿ ವೈಫೈ ಇರುವ ವಿದ್ಯಾರ್ಥಿಗೆ ದೊಡ್ಡ ಪ್ಯಾಕು ದಂಡ. ಕಾರ್ಕಳದಿಂದ ಮಾಳದ ಕಡೆ ಘಟ್ಟದ ಬುಡದಲ್ಲಿರುವವರಿಗೆ ಬೆಲೆಗಿಂತ ಮೊದಲು, ತಮ್ಮ ಚಾವಡಿಗೆ ಯಾರ ಸಿಗ್ನಲ್ ತಲುಪುತ್ತದೆ ಎಂಬುದೇ ಮುಖ್ಯ. ೨೦೧೧ರಿಂದ ನಂಬರು ಬಿಡದೆ ಕಂಪನಿ ಬದಲಿಸುವ ಅವಕಾಶ ಇದ್ದೇ ಇದೆ.

ಫೋನನ್ನು ಬದಲಿಸುವ ಕಾಲ ಯಾವುದು? ಹೊಸ ತಲೆಮಾರು ಬಂದಿತೆಂಬ ಕಾರಣಕ್ಕಲ್ಲ. ೨೦೨೨ರ ಅಕ್ಟೋಬರಿನಲ್ಲಿ ೫ಜಿ ಬಂದಿತು. ಆದರೆ ವೀಡಿಯೊದಲ್ಲಿ ಮುಖ ನೋಡಿ ಮಾತಾಡಲು ೪ಜಿ ಧಾರಾಳವಾಗಿ ಸಾಕು. ಬ್ಯಾಟರಿ ಸೋತರೆ ಬ್ಯಾಟರಿಯನ್ನೇ ಬದಲಿಸಬಹುದು. ಭದ್ರತೆಯ ಅಪ್‌ಡೇಟ್ ನಿಂತಿತು, ಬ್ಯಾಂಕಿನ ಆ್ಯಪ್ ಓಡುವುದಿಲ್ಲ, ಅಥವಾ ನಮಗೆ ನಿಜವಾಗಿ ಬೇಕಾದ ಒಂದು ಕೆಲಸ ಅದರಿಂದ ಆಗುವುದಿಲ್ಲ ಎಂದಾಗ ಬದಲಿಸಬೇಕು. ಚಿಕ್ಕಮ್ಮನಿಗೆ ಈ ಕೊನೆಯ ಕಾರಣ ಎಂಟು ತಿಂಗಳ ಹಿಂದೆಯೇ ಹುಟ್ಟಿತ್ತು.

ಹಿಂದಿನವರು ಮೊದಲು ಸುದ್ದಿಯನ್ನು ತೂಗಿ, ಆಮೇಲೆ ಕಾರ್ಡೋ ತಂತಿಯೋ ಎಂದು ನಿರ್ಧರಿಸುತ್ತಿದ್ದರು. ಅವರು ತಂತಿಗೆ ದುಡ್ಡು ಕೊಡಲು ಹಿಂಜರಿದದ್ದು ಕ್ಷೇಮಸಮಾಚಾರಕ್ಕೆ, ಬೇಕಾದಾಗ ಹಿಂಜರಿಯಲಿಲ್ಲ. ಇಷ್ಟನ್ನು ನಾನು ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸಣ್ಣದೊಂದು ಪ್ಯಾಕು ಹಾಕಿಸು" ಎಂದರು. ಸಾಧಾರಣ ಬೆಲೆಯ ೪ಜಿ ಫೋನೊಂದು, ದಿನದ ಮಿತಿಯಿಲ್ಲದೆ ಇಡೀ ಅವಧಿಗೆ ಇಷ್ಟೆಂದು ಡೇಟಾ ಕೊಡುವ ಪ್ಯಾಕೊಂದು ಬಂದವು. ಮೊದಲ ಭಾನುವಾರ ಅರ್ಧ ಗಂಟೆಯೆಂದು ಕೂತವರು ಒಂದೂಕಾಲು ಗಂಟೆ ಏಳಲಿಲ್ಲ. ಮುಗಿದ ಕೂಡಲೇ ಡೇಟಾ ಆರಿಸಿ, ಎಷ್ಟು ಉಳಿಯಿತು ನೋಡು ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.