ಓಡಿಹೋದಳು ಎಂಬ ಮಾತು

ಗಂಡಸು ಓಡಿದರೆ ನಮ್ಮಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬಸ್ಸಿಗೆ ಓಡಿದ, ಪಂದ್ಯದಲ್ಲಿ ಓಡಿದ, ಕಳ್ಳನನ್ನು ಹಿಡಿಯಲು ಓಡಿದ, ಅಷ್ಟೆ. ಅದೇ ಕ್ರಿಯಾಪದ ಹೆಣ್ಣಿನ ಹೆಸರಿನ ಪಕ್ಕ ಬಂದು ಕುಳಿತು, ಅದರ ಬಾಲಕ್ಕೊಂದು ‘ಹೋದಳು’ ಅಂಟಿಕೊಂಡರೆ ಮುಗಿಯಿತು, ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ. ‘ಅವರ ಮನೆ ಹುಡುಗಿ ಓಡಿಹೋದಳಂತೆ’ ಎಂದರೆ ಎಷ್ಟು ಕಿಲೋಮೀಟರು, ಎಷ್ಟು ನಿಮಿಷದಲ್ಲಿ ಎಂದು ಯಾರೂ ಕೇಳುವುದಿಲ್ಲ. ಯಾರ ಜೊತೆ ಎಂದೇ ಕೇಳುತ್ತಾರೆ. ಮೂವತ್ತು ವರ್ಷದಿಂದ ಮಕ್ಕಳಿಗೆ ಕನ್ನಡವನ್ನೂ ಚರಿತ್ರೆಯನ್ನೂ ಹೇಳಿಕೊಡುತ್ತಿರುವ ನನಗೆ, ಹೆಂಗಸರ ಓಟದ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲೇ ಮಡಿಚಿ ಇಟ್ಟಂತಿದೆ ಎನ್ನಿಸುತ್ತದೆ.

ಈ ವಿಷಯ ತಲೆಗೆ ಹತ್ತಲು ಕಾರಣ ನಮ್ಮ ಅರಸೀಕೆರೆಯ ಬೆಳಗಿನ ಓಟಗಾರರು. ಐದೂವರೆಗೆ ನಾನು ಹಾಲಿಗೆ ಹೊರಡುವಾಗ ಅವರು ಓಟ ಶುರುಮಾಡಿರುತ್ತಾರೆ. ಬ್ಯಾಂಕಿನವರೊಬ್ಬರು, ಕಾಲೇಜಿನ ಇಬ್ಬರು ಉಪನ್ಯಾಸಕರು, ಅಂಗಡಿ ಇಟ್ಟುಕೊಂಡವರೊಬ್ಬರು, ಜೊತೆಗೆ ಮೂವರು ಹೆಂಗಸರು. ಯಾರೂ ಪದಕ ಗೆದ್ದವರಲ್ಲ, ಗೆಲ್ಲುವ ಆಸೆಯೂ ಇದ್ದಂತಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿಲೋಮೀಟರು ಓಟಕ್ಕೆ ಒಬ್ಬರು, ಮೈಸೂರಿನ ಅರ್ಧ ಮ್ಯಾರಥಾನಿಗೆ ಇನ್ನೊಬ್ಬರು ತಯಾರಾಗುತ್ತಿದ್ದಾರೆ. ಕಾಫಿ ತೋಟಗಳ ನಡುವೆ 2016ರಲ್ಲಿ ಶುರುವಾದ ಮಲ್ನಾಡ್ ಅಲ್ಟ್ರಾ ಎಂಬ ಬೆಟ್ಟದ ಓಟದ ಮೇಲೆ ಅಂಗಡಿಯವರ ಕಣ್ಣು. ಅದರಲ್ಲಿ 50 ಕಿಲೋಮೀಟರು ಓಡುವವರಿದ್ದಾರೆ, ಅದರ ಎರಡರಷ್ಟು ಓಡುವವರೂ ಇದ್ದಾರೆ. ಅಭ್ಯಾಸಕ್ಕೆ ಇವರು ಆರಿಸಿಕೊಂಡಿರುವುದು ಊರ ಪಕ್ಕದ ಮಾಲೇಕಲ್ಲು ತಿರುಪತಿ ಬೆಟ್ಟವನ್ನು.

ಆ ಗಂಡಸರನ್ನು ಕಂಡು ಊರು ‘ಶೋಕಿ’ ಎಂದು ಸುಮ್ಮನಾಯಿತು. ಹೆಂಗಸರನ್ನು ಕಂಡಾಗ ಮಾತ್ರ ಒಂದು ಪ್ರಶ್ನೆ ಹುಟ್ಟಿತು: ‘ಇವರಿಗೆ ಮನೆಯಲ್ಲಿ ಕೆಲಸ ಇಲ್ವಾ?’ ಈ ಪ್ರಶ್ನೆ ಕೇಳಿದವರಲ್ಲಿ ಹೆಂಗಸರೇ ಹೆಚ್ಚು. ಕೆಲಸಕ್ಕಾಗಿ ಓಡಿದರೆ ಸರಿ, ಸುಮ್ಮನೆ ಓಡಿದರೆ ತಪ್ಪು ಎಂಬ ಈ ಲೆಕ್ಕ ಎಲ್ಲಿಂದ ಬಂತು?

ಮೊದಮೊದಲು ಓಟವೆಂಬುದು ಕೆಲಸವೇ ಆಗಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಸಂಸ್ಥಾನದ ಅಂಚೆ ವ್ಯವಸ್ಥೆಯನ್ನು ಕಟ್ಟಿದರು. ಅಂಚೆ ಎಂದರೆ ಹಳಗನ್ನಡದಲ್ಲಿ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಹೊತ್ತ ಹಕ್ಕಿ ಅದು. ನಮ್ಮ ಅಂಚೆಯನ್ನು ಹೊತ್ತಿದ್ದು ಮಾತ್ರ ಬರಿಗಾಲಿನ ಮನುಷ್ಯರು. ಗೆಜ್ಜೆ ಕಟ್ಟಿದ ಕೋಲು ಹಿಡಿದು, ಕಾಗದದ ಚೀಲ ಹೆಗಲಿಗೇರಿಸಿ, ಒಂದು ಠಾಣೆಯಿಂದ ಮುಂದಿನ ಠಾಣೆಗೆ ಓಡಿ, ಅಲ್ಲಿ ಕಾದಿದ್ದವನ ಕೈಗೆ ಚೀಲ ದಾಟಿಸುತ್ತಿದ್ದರು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷರ ಅಂಚೆ ಇಲಾಖೆಯೊಳಗೆ ಸೇರಿಹೋಯಿತು. ಅದೇ ದಶಕದಲ್ಲಿ ಬೆಂಗಳೂರಿನಿಂದ ಹರಿಹರದತ್ತ ರೈಲು ಹಳಿಯೂ ಬಂತು, ಆ ಹಳಿಯಿಂದಲೇ ಅರಸೀಕೆರೆಗೆ ಹೆಸರೂ ಬಂತು. ಹೊರೆ ಹೊರುವ ಕೆಲಸ ಉಗಿಬಂಡಿಗೆ ಹೋದ ಮೇಲೆ ಮನುಷ್ಯನ ಓಟಕ್ಕೆ ಬಿಡುವಾಯಿತು, ಅದು ಆಟವಾಗಲು ದಾರಿಯಾಯಿತು.

ಆ ಆಟದಲ್ಲಿ ಕರ್ನಾಟಕದ ಮಣ್ಣಿನ ಹೆಸರು ಬೇಗನೆ ಕಾಣಿಸಿಕೊಂಡಿತು. 1919ರಲ್ಲಿ ಪುಣೆಯ ಕ್ರೀಡಾಕೂಟವೊಂದರಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ದೂರ ಓಡುವುದನ್ನು ಕಂಡ ದೊರಾಬ್ಜಿ ಟಾಟಾ ಅವರು, ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಹಟ ಹಿಡಿದರು. ಹಾಗೆ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿಗೆ ಹೋದವರಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಒಬ್ಬರು. ಒಕ್ಕಲುತನದವರು, ಕುಸ್ತಿಯನ್ನೂ ಬಲ್ಲವರು. ಅಲ್ಲಿಯ ಮ್ಯಾರಥಾನಿನಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಓಡಿ 19ನೆಯವರಾದರು. ಆ ಸಲದ ದಾರಿ ಇಂದಿನ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು. ಗೆದ್ದವರು ಫಿನ್ಲೆಂಡಿನ ಹಾನ್ಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ 35 ಸೆಕೆಂಡಿನಲ್ಲಿ. ಈ ಎರಡು ಲೆಕ್ಕವನ್ನು ಓದುಗ ಸೋದರಿಯರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಆಂಟ್‌ವರ್ಪಿನಲ್ಲಿ ಯಾವ ದೇಶದ ಹೆಣ್ಣಿಗೂ ಓಟವಿರಲಿಲ್ಲ. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ಬಾರಿಗೆ ಹೆಂಗಸರನ್ನು ಬಿಟ್ಟುಕೊಂಡರು. ಅದರಲ್ಲಿ 800 ಮೀಟರು ಓಟವೂ ಒಂದು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ದರು. ಕೊನೆಯ ಸುತ್ತಿನಲ್ಲಿ ಓಡಿದ 9 ಮಂದಿಯೂ ಓಟ ಮುಗಿಸಿದರು. ಆದರೆ ಪತ್ರಿಕೆಗಳಲ್ಲಿ ಬಂದ ಕಥೆಯೇ ಬೇರೆ. ಹೆಂಗಸರು ಸಾಲುಸಾಲಾಗಿ ಕುಸಿದುಬಿದ್ದರು, ಇದು ಅವರ ದೇಹಕ್ಕೆ ಆಗದ ಕೆಲಸ, ಅಕಾಲದಲ್ಲಿ ಮುದುಕಿಯರಾಗುತ್ತಾರೆ ಎಂದೆಲ್ಲ ಬರೆದರು. ಓಡಿ ಮುಗಿಸಿದ ಮೇಲೆ ಗಂಡಸರೂ ನೆಲಕ್ಕೆ ಒರಗುತ್ತಾರೆ, ಅದನ್ನು ಪೌರುಷ ಎನ್ನುತ್ತಾರೆ. ಹೆಂಗಸರು ಒರಗಿದ್ದಕ್ಕೆ ಸಿಕ್ಕ ಶಿಕ್ಷೆ 32 ವರ್ಷ. 1960ರ ರೋಮ್ ಒಲಿಂಪಿಕ್ಸಿನವರೆಗೆ ಹೆಂಗಸರ 800 ಮೀಟರು ಓಟ ಮತ್ತೆ ಬರಲಿಲ್ಲ.

ಮ್ಯಾರಥಾನ್ ಅದಕ್ಕಿಂತ ಬಿಗಿಯಾದ ಬಾಗಿಲು. 1966ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬಾಬಿ ಗಿಬ್ ಎಂಬಾಕೆ ಪೊದೆಯಲ್ಲಿ ಅಡಗಿದ್ದು, ಓಟ ಹೊರಟ ಮೇಲೆ ಗುಂಪಿನೊಳಗೆ ಸೇರಿ ಓಡಿ ಮುಗಿಸಿದರು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ತಮ್ಮ ಹೆಸರನ್ನು ಮೊದಲ ಅಕ್ಷರಗಳಲ್ಲಷ್ಟೆ ಬರೆದು 261ನೆಯ ಸಂಖ್ಯೆಯ ಚೀಟಿ ಪಡೆದು ಓಡತೊಡಗಿದರು. ನಡುದಾರಿಯಲ್ಲಿ ಅಧಿಕಾರಿಯೊಬ್ಬರು ಓಡಿಬಂದು ಆ ಚೀಟಿಯನ್ನು ಮೈಮೇಲಿಂದ ಕೀಳಲು ಹೋದರು. ಆ ಛಾಯಾಚಿತ್ರ ಇಂದಿಗೂ ಪುಸ್ತಕಗಳಲ್ಲಿ ಬರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇಲೂರಿನ ದೇಗುಲದಲ್ಲಿ ಕೋತಿಯೊಂದು ಸೀರೆ ಹಿಡಿದೆಳೆಯುತ್ತಿರುವ ಮದನಿಕೆಯ ನೆನಪಾಗುತ್ತದೆ. 1972ರಲ್ಲಿ ಬಾಸ್ಟನ್ ಹೆಂಗಸರಿಗೆ ತೆರೆಯಿತು, 1984ರಲ್ಲಿ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಮೊದಲ ಬಾರಿ ನಡೆಯಿತು.

ಅದನ್ನು ಗೆದ್ದ ಜೋನ್ ಬೆನಾಯ್ಟ್ ತೆಗೆದುಕೊಂಡದ್ದು 2 ಗಂಟೆ 24 ನಿಮಿಷ 52 ಸೆಕೆಂಡು. ಈಗ ಆಂಟ್‌ವರ್ಪಿನ ಲೆಕ್ಕ ತೆಗೆಯಿರಿ. ಅಂದು ಗಂಡಸರಲ್ಲಿ ಗೆದ್ದವರಿಗಿಂತ ಈಕೆ ಏಳು ನಿಮಿಷಕ್ಕೂ ಮೊದಲು ಮುಗಿಸಿದ್ದಾರೆ. ಹೆಚ್ಚುವರಿ ದಾರಿಗೆಂದು ಎರಡು ಮೂರು ನಿಮಿಷ ಬಿಟ್ಟುಕೊಟ್ಟರೂ ಮುಂದೆಯೇ. ನಮ್ಮ ದೇಶದ ಒ.ಪಿ. ಜೈಶಾ 2015ರಲ್ಲಿ ಬೀಜಿಂಗಿನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಚೌಗುಲೆಯವರ ಸಮಯಕ್ಕಿಂತ 16 ನಿಮಿಷ ಕಡಿಮೆ. ಕಾಲ ಬೇರೆ, ಬೂಟು ಬೇರೆ, ಆಹಾರ ಬೇರೆ, ನಿಜ. ಚೌಗುಲೆಯವರನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ‘ದೇಹಕ್ಕೆ ಆಗದು’ ಎಂಬ ಮಾತು ಎಷ್ಟು ಹುಸಿಯಾಗಿತ್ತು ಎಂದು ತೋರಿಸಲು ಇಷ್ಟು ಕೂಡಿಸಿ ಕಳೆದೆ.

1984ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಆ ಒಲಿಂಪಿಕ್ಸಿನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚಿನ ಪದಕ ಕಳೆದುಕೊಂಡ ಸುದ್ದಿ ಕೇಳಿ ಹುಡುಗಿಯರೆಲ್ಲ ಪೆಚ್ಚಾಗಿದ್ದೆವು. ಮುಂದೆ ನಮ್ಮ ಕೊಡಗಿನ ಅಶ್ವಿನಿ ನಾಚಪ್ಪನವರು ಅದೇ ಉಷಾ ಅವರನ್ನು ಹಿಂದೆ ಹಾಕಿದಾಗ ಕುಣಿದಾಡಿದೆವು. ಆದರೆ 1985ರಲ್ಲಿ ಹಾಂಗ್‌ಕಾಂಗ್ ಮ್ಯಾರಥಾನ್ ಗೆದ್ದ ಆಶಾ ಅಗರವಾಲರಾಗಲಿ, 1992ರಲ್ಲಿ ಏಷ್ಯನ್ ಮ್ಯಾರಥಾನ್ ಗೆದ್ದ ಸುನೀತಾ ಗೋದಾರರಾಗಲಿ ನಮ್ಮ ಕಿವಿಗೆ ಬೀಳಲೇ ಇಲ್ಲ. ಹುಡುಗಿ ಕಣ್ಣೆದುರಿನ ಮೈದಾನದಲ್ಲಿ ಎರಡು ಸುತ್ತು ಓಡಿ ಬರಬಹುದು, ರಸ್ತೆ ಹಿಡಿದು ಹತ್ತು ಮೈಲಿ ಹೋಗುವುದು ಬೇರೆ ಮಾತು ಎಂದು ದೊಡ್ಡವರಿಗೆ ಅನ್ನಿಸಿದ್ದಿರಬೇಕು. ಕಣ್ಣಿಗೆ ಕಾಣುವಷ್ಟು ದೂರವೇ ಹೆಣ್ಣಿನ ಓಟದ ಗಡಿ.

ವಿಚಿತ್ರವೆಂದರೆ, ಹರಕೆಯ ಹೆಸರಿನಲ್ಲಾದರೆ ಈ ಗಡಿ ತಾನಾಗಿ ಸರಿಯುತ್ತದೆ. ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಸಾವಿರಕ್ಕೂ ಮೀರಿದ ಮೆಟ್ಟಿಲುಗಳಿವೆ. ಆಷಾಢದ ತೇರಿನ ಹೊತ್ತಿನಲ್ಲಿ ಬರಿಗಾಲಲ್ಲಿ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಅಷ್ಟೂ ಹತ್ತುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಯಾದಾಪುರದ ಜೇನುಕಲ್ಲು ಸಿದ್ಧೇಶ್ವರ ಬೆಟ್ಟಕ್ಕೆ ಹುಣ್ಣಿಮೆಯೆಂದರೆ ಜನ, ಅವರಲ್ಲೂ ಹೆಂಗಸರು ಕಡಿಮೆಯೇನಲ್ಲ. ಹಳೇಬೀಡಿನ ಪಕ್ಕದ ಪುಷ್ಪಗಿರಿಗೂ ಹತ್ತುತ್ತಾರೆ. ಇವರ ಗರ್ಭಕೋಶಕ್ಕೆ ತೊಂದರೆಯಾದೀತು ಎಂದು ಯಾರೂ ಕಳವಳಪಟ್ಟದ್ದಿಲ್ಲ. ಬೋರ್‌ವೆಲ್ಲಿನಿಂದ ಎರಡು ಕೊಡ ನೀರು ಹೊತ್ತು ತಂದವರ ಬಗ್ಗೆಯೂ ಪಟ್ಟಿಲ್ಲ. ದೇವರಿಗೆ, ಮನೆಗೆ, ಮಕ್ಕಳಿಗೆ ಎಂದು ಕಾಲು ಸವೆಸಿದರೆ ಸಲ್ಲುತ್ತದೆ. ತನಗೆ ಎಂದಾಗಲೇ ತಕರಾರು.

ಬೇಲೂರಿನಲ್ಲಿ ಒಳಗಿನ ನಾಲ್ಕೂ ಸೇರಿ 42 ಮದನಿಕೆಯರಿದ್ದಾರೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ, ಮ್ಯಾರಥಾನಿನ ಕಿಲೋಮೀಟರಿಗೆ ಒಬ್ಬೊಬ್ಬಳು ಎಂದು ನೆನಪಿಟ್ಟುಕೊಳ್ಳಿ ಎನ್ನುತ್ತೇನೆ. ಕನ್ನಡಿ ಹಿಡಿದವಳನ್ನು ಎಲ್ಲರೂ ನೋಡುತ್ತಾರೆ. ಬಿಲ್ಲು ಹಿಡಿದು ಬೇಟೆಗೆ ಹೊರಟವಳನ್ನೂ ನೋಡಿ ಎಂದು ತೋರಿಸುತ್ತೇನೆ. ಕಾಲಲ್ಲಿ ಕಸುವಿಲ್ಲದೆ ಬೇಟೆಯಾದೀತೇ? ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರು. ಹೋಗಿ ಬಂದರೆ 32. ಅದರ ಮೇಲೆ ಇನ್ನೂ 10 ಓಡಿದರೆ ಒಂದು ಮ್ಯಾರಥಾನ್. ಹೀಗೆ ಹೇಳಿದರೆ ಮಕ್ಕಳಿಗೆ ದೂರ ಅರ್ಥವಾಗುತ್ತದೆ.

ಆ ಮಕ್ಕಳಲ್ಲಿ ಒಬ್ಬಳು, ಈಗ ಒಂಬತ್ತನೆಯ ತರಗತಿಯವಳು, ಹೋಬಳಿ ಮಟ್ಟದಲ್ಲಿ ಮೊದಲು ಬಂದಳು. ಭಾನುವಾರ ಬೆಟ್ಟದ ಗುಂಪಿನ ಜೊತೆ ಅಭ್ಯಾಸಕ್ಕೆ ಬರಲಿ ಎಂದು ಕೇಳಲು ಮನೆಗೆ ಹೋದೆ. ತಾಯಿ ಮಂಡಿಯಲ್ಲಿ ಕೊಬ್ಬರಿ ಕೆಲಸಕ್ಕೆ ಹೋಗುವವಳು. ಕಾಫಿ ಕೊಟ್ಟು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಓಡ್ಲಿ ಮಿಸ್ಸೇ, ಬ್ಯಾಡ ಅನ್ನಲ್ಲ. ನಾಳೆ ಸಂಬಂಧ ನೋಡುವಾಗ ಜನ ಏನಾದ್ರೂ ಅಂದ್ರೆ?”

“ಏನಂತಾರೆ?”

“ಓಡೋಳು ಅಂತಾರೆ.”

ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. 1928ರ ಪತ್ರಿಕೆಗಳ ಕಥೆ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. “ನಾನೂ ಬರ್ತೀನಿ, ನೀನೂ ಬಾ. ಇಬ್ಬರೂ ಕೆಳಗೆ ಕೂತಿರೋಣ” ಎಂದೆ. ಎರಡು ಭಾನುವಾರ ಅವಳು ಮೆಟ್ಟಿಲ ಬುಡದಲ್ಲಿ ಸೆರಗು ಹೊದ್ದು ಕುಳಿತಳು. ಮೂರನೆಯ ವಾರ ಬೇಸರವಾಯಿತೋ ಏನೋ, “ಮ್ಯಾಲೆ ದೇವ್ರಿಗಾದ್ರೂ ಕೈ ಮುಗ್ದು ಬರ್ತೀನಿ” ಎಂದು ಚಪ್ಪಲಿ ಬಿಟ್ಟು ಹೊರಟಳು. ಬೆಲೆಬಾಳುವ ಬೂಟು ತೊಟ್ಟ ಬ್ಯಾಂಕಿನವರು ಅರ್ಧದಾರಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಗ, ಈಕೆ ಉಸಿರು ಏರಿಸಿಕೊಳ್ಳದೆ ಪಕ್ಕದಲ್ಲಿ ಹಾದುಹೋದಳಂತೆ. ಚಿಕ್ಕ ಚಿಕ್ಕ ಹೆಜ್ಜೆ, ಒಂದೇ ಹದ, ನೋಟ ನಾಲ್ಕೈದು ಮೆಟ್ಟಿಲು ಮುಂದೆ. ಓಟದವರು ಬೆಟ್ಟ ಏರಲು ಕಲಿಯುವ ಪಾಠವೂ ಇದೇ. ಅವಳು ಅದನ್ನು ಎಷ್ಟೋ ಆಷಾಢಗಳಿಂದ ಬಲ್ಲಳು.

ಓದುವ ಸೋದರಿಯರಿಗೆ ಎರಡು ಮಾತು ಹೇಳಬೇಕು. ದೂರದ ಓಟ ಕಲಿಯುವವರು ಜೋರಾಗಿ ಓಡುವುದೇ ಕಡಿಮೆ. ಪಕ್ಕದವರ ಜೊತೆ ಮಾತಾಡುತ್ತ ಹೋಗುವಷ್ಟು ನಿಧಾನವಾಗಿ, ವಾರವಾರಕ್ಕೂ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತಾರೆ. ಮಂಡಿಗೆ ಹೊಡೆತ ಬೀಳುವುದು ಬೆಟ್ಟ ಏರುವಾಗಲ್ಲ, ಇಳಿಯುವಾಗ. ಅದಕ್ಕೇ ಇಳಿಯುವುದನ್ನು ನಿಧಾನವಾಗಿ ಅಭ್ಯಾಸ ಮಾಡುತ್ತಾರೆ. ಎರಡನೆಯದು ಇನ್ನೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49ರ ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ ‘ನಮ್ಮ ಕೈಲಾಗದು’ ಎಂದು ಕೂರುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹುಡುಗಿಯ ತಟ್ಟೆಗೆ ರಾಗಿ ಮುದ್ದೆಯ ಜೊತೆ ಸೊಪ್ಪು, ಕಾಳು ಅಣ್ಣನ ತಟ್ಟೆಗೆ ಬಿದ್ದಷ್ಟೇ ಬೀಳಲಿ. ಗಂಡಸರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ತಿನ್ನುವ ಪದ್ಧತಿಯೂ ನಮ್ಮ ಓಟದ ಚರಿತ್ರೆಯ ಒಂದು ಭಾಗವೇ.

ಈ ಹುಡುಗಿ ಹತ್ತನೆಯ ತರಗತಿಯ ಆಚೆಗೂ ಓಡುತ್ತಾಳೋ ಇಲ್ಲವೋ ನಾನು ಹೇಳಲಾರೆ. ಒಂದು ಸಂಬಂಧ, ಒಂದು ಚಾಡಿಮಾತು, ಮನೆಯಲ್ಲೊಂದು ಕಾಯಿಲೆ, ಯಾವುದು ಬೇಕಾದರೂ ಅಡ್ಡ ಬರಬಹುದು. ಪಟ್ಟಣಗಳಲ್ಲಿ ಹೆಂಗಸರು ಸೀರೆ ಉಟ್ಟು ಸಾವಿರ ಸಂಖ್ಯೆಯಲ್ಲಿ ಓಡುತ್ತಿರುವ ಕಾಲವಿದು. ಆದರೆ ಅರಸೀಕೆರೆಯ ಓಣಿಯೊಂದರಲ್ಲಿ ಒಬ್ಬ ಹುಡುಗಿ ಬೆಳಗಿನ ಕತ್ತಲಲ್ಲಿ ಬಾಗಿಲು ತೆರೆದು ಹೊರಬರಲು ಇನ್ನೊಬ್ಬ ಹೆಂಗಸು ಜೊತೆಗಿರಬೇಕು. ಆ ಜೊತೆ ಕೊಡುವುದು ನಮ್ಮಂಥ ವಯಸ್ಸಾದವರ ಕೈಯಲ್ಲಿದೆ, ಅದಕ್ಕೆ ಓಡಲು ಬರಬೇಕೆಂದೂ ಇಲ್ಲ.

ಮುಂದಿನ ವಾರ ಹಾಸನದಲ್ಲಿ ಜಿಲ್ಲಾ ಮಟ್ಟದ ಕ್ರೀಡಾಕೂಟ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಹೋದಾಗ ತಾಯಿ ಈ ಸಲ ಜನರ ಮಾತು ಎತ್ತಲಿಲ್ಲ. ಸಹಿ ಹಾಕಿ, ಬುತ್ತಿಗೆ ಚಿತ್ರಾನ್ನ ಸಾಕೋ ಚಪಾತಿಯೂ ಬೇಕೋ ಎಂದು ಕೇಳಿದಳು. ಎರಡೂ ಇರಲಿ ಎಂದೆ.