ಬಾಗಿಲಲ್ಲಿ ಭೂತ, ಬಾಲ್ಕನಿಯಲ್ಲಿ ಗೂಡುದೀಪ

2024ರ ಅಕ್ಟೋಬರ್ 31 ನರಕ ಚತುರ್ದಶಿ. ಅದೇ ದಿನ ಹ್ಯಾಲೋವೀನ್. ಪ್ರತಿವರ್ಷ ಹೀಗೆ ಕೂಡಿ ಬರುವುದಿಲ್ಲ. ನಮ್ಮದು ತಿಥಿಯ ಲೆಕ್ಕ, ಅವರದು ತಾರೀಖಿನ ಲೆಕ್ಕ. ಆ ವರ್ಷ ಕೂಡಿ ಬಂತು. ಬಂದದ್ದು ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಸಣ್ಣದೊಂದು ಜಗಳ ತಂದಿಟ್ಟಿತು.

ಮಕ್ಕಳೆಲ್ಲ ಸೇರಿ ಲಿಫ್ಟಿನ ಪಕ್ಕದ ಗೋಡೆಗೆ ಕಪ್ಪು ಕಾಗದದ ಬಾವಲಿಗಳನ್ನು ಅಂಟಿಸಿದ್ದರು. ಹಳೆಯ ಬಿಳಿ ಬೆಡ್‌ಶೀಟಿನೊಳಗೆ ಬಲೂನಿಟ್ಟು, ದಾರ ಕಟ್ಟಿ, ಸ್ಕೆಚ್ ಪೆನ್ನಿನಲ್ಲಿ ಕಣ್ಣು ಬರೆದು ಭೂತ ಮಾಡಿ ಮೆಟ್ಟಿಲ ಕಂಬಿಗೆ ನೇತುಹಾಕಿದ್ದರು. ಔಷಧದ ಅಂಗಡಿಯ ಹತ್ತಿಯನ್ನು ಎಳೆದೆಳೆದು ಜೇಡರ ಬಲೆ. ಎಲ್ಲಾ ಸೇರಿ ನೂರು ರೂಪಾಯಿ ಖರ್ಚಾಗಿರಲಿಕ್ಕಿಲ್ಲ. ಇದರ ಮುಂದಾಳು ಹತ್ತು ವರ್ಷದ ನನ್ನ ಮೊಮ್ಮಗಳು. ಸೊಸೈಟಿಯ ಖಜಾಂಚಿ ನಾನು. ‘ಲಕ್ಷ್ಮಿ ಬರೋ ಬಾಗಿಲಲ್ಲಿ ಭೂತ ಏನ್ರೀ?’ ಎಂದು ಹಿರಿಯರೊಬ್ಬರು ಎತ್ತಿದರು. ‘ತೆಗೆಸಿಬಿಡಿ’ ಎಂದವರಲ್ಲಿ ನಾನೂ ಒಬ್ಬ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸರ್ಕ್ಯುಲರ್ ಪಾಲಿಸಿದವನಿಗೆ ‘ಇಲ್ಲ’ ಅನ್ನುವುದು ಬಹಳ ಸುಲಭ.

ಸಂಜೆಯೊಳಗೆ ಎಲ್ಲವನ್ನೂ ತೆಗೆಸಿದೆವು. ಮೊಮ್ಮಗಳು ಅಳಲಿಲ್ಲ. ‘ಅಜ್ಜ, ಇದನ್ನ ಯಾಕೆ ಮಾಡ್ತಾರೆ ಅಂತ ನಿಮಗೆ ಗೊತ್ತಾ?’ ಎಂದಷ್ಟೇ ಕೇಳಿದಳು. ಗೊತ್ತಿರಲಿಲ್ಲ. ಓದದ ಕಾಗದಕ್ಕೆ ಸಹಿ ಹಾಕಿದ ಹಾಗಾಯಿತು. ಆಮೇಲೆ ಕೂತು ಓದಿದೆ. ಓದುತ್ತ ಹೋದಂತೆ, ಇದು ನಮ್ಮಂತೆ ಊರು ಬಿಟ್ಟವರ ಕಥೆ ಅನ್ನಿಸಿತು.

ಇದರ ಬೇರು ಇರುವುದು ಐರ್ಲೆಂಡ್, ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ. ಅಲ್ಲಿನ ಕೆಲ್ಟಿಕ್ ಜನರಿಗೆ ನವೆಂಬರ್ 1ಕ್ಕೆ ಚಳಿಗಾಲದ ಆರಂಭ. ಬೆಳೆ ಒಳಗೆ ಬಂದು, ದನಗಳು ಗುಡ್ಡದಿಂದ ಇಳಿದು ಕೊಟ್ಟಿಗೆ ಸೇರುವ ಕಾಲ. ಅವರಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಹಬ್ಬ ಅಕ್ಟೋಬರ್ 31ರ ರಾತ್ರಿಯೇ. ಅದರ ಹೆಸರನ್ನು ಐರಿಷ್ ಭಾಷೆಯಲ್ಲಿ ಹೆಚ್ಚುಕಡಿಮೆ ‘ಸಾವಿನ್’ ಎಂದು ಉಚ್ಚರಿಸುತ್ತಾರೆ. ನಮ್ಮ ‘ಸಾವಿ’ಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೆ ಆ ರಾತ್ರಿ ಸತ್ತವರು ಮನೆಯ ಕಡೆ ಬರುತ್ತಾರೆ ಅನ್ನುವ ನಂಬಿಕೆ ಮಾತ್ರ ಇತ್ತು. 8ನೇ ಶತಮಾನದಲ್ಲಿ ಪೋಪ್ 3ನೇ ಗ್ರೆಗರಿ ರೋಮಿನಲ್ಲಿ ಸಕಲ ಸಂತರಿಗೆ ಒಂದು ಪ್ರಾರ್ಥನಾಲಯ ಅರ್ಪಿಸಿದರು. ಮುಂದೆ ನವೆಂಬರ್ 1 ಸಂತರ ಹಬ್ಬವಾಗಿ, ನವೆಂಬರ್ 2 ಮೃತರನ್ನು ನೆನೆಯುವ ದಿನವಾಗಿ ನಿಂತಿತು. ಸಂತರ ಹಬ್ಬದ ಹಿಂದಿನ ಸಂಜೆ ಅನ್ನುವ ಮಾತೇ ಬಾಯಲ್ಲಿ ಸವೆದು ಹ್ಯಾಲೋವೀನ್ ಆಯಿತು. ನವೆಂಬರ್ 2ರಂದು ಮುಂಬಯಿಯ ಶಿವಡಿ ಸ್ಮಶಾನದಲ್ಲಿ ಕ್ರೈಸ್ತರು ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವುದನ್ನು ನಾನೇ ನೋಡಿದ್ದೇನೆ. ಮಂಗಳೂರು ಕಡೆಯ ನನ್ನ ಸಹೋದ್ಯೋಗಿಯೊಬ್ಬರು ಆ ದಿನಕ್ಕೆಂದೇ ಅರ್ಧ ದಿನ ರಜೆ ಹಾಕುತ್ತಿದ್ದರು. ಆ ದಿನಕ್ಕೂ ಬಾಗಿಲ ಭೂತಕ್ಕೂ ನಂಟಿದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಇನ್ನು ಅಲಂಕಾರ. ಮೊದಲಿಗೆ ಕುಂಬಳಕಾಯಿ ಇರಲೇ ಇಲ್ಲ. ಐರಿಷರು ದೀಪ ಮಾಡುತ್ತಿದ್ದದ್ದು ಟರ್ನಿಪ್ ಗಡ್ಡೆಯಲ್ಲಿ, ಕೆಲವೊಮ್ಮೆ ದನಕ್ಕೆ ಹಾಕುವ ದೊಡ್ಡ ಬೀಟ್ ಗಡ್ಡೆಯಲ್ಲಿ. ಕಲ್ಲಿನಂಥ ಗಡ್ಡೆಯನ್ನು ಚಮಚದಲ್ಲಿ ಕೆರೆದು ಟೊಳ್ಳು ಮಾಡಿ, ಕಣ್ಣು ಬಾಯಿ ಕೊರೆದು, ಒಳಗೆ ಬತ್ತಿಯ ತುಂಡನ್ನೋ ಕೆಂಡವನ್ನೋ ಇಡುವುದು. ಕೆಟ್ಟದ್ದು ಹೆದರಿ ದೂರ ಹೋಗಲಿ ಅಂತ. ಇದಕ್ಕೊಂದು ಅಜ್ಜಿಕಥೆಯೂ ಇದೆ. ಜ್ಯಾಕ್ ಎಂಬ ಜಿಪುಣ ಸೈತಾನನಿಗೇ ಮೋಸ ಮಾಡಿದನಂತೆ. ಸತ್ತ ಮೇಲೆ ಸ್ವರ್ಗದಲ್ಲೂ ಜಾಗವಿಲ್ಲ, ನರಕದಲ್ಲೂ ಇಲ್ಲ. ಗಡ್ಡೆಯೊಳಗೆ ಒಂದು ಕೆಂಡ ಇಟ್ಟುಕೊಂಡು ಇವತ್ತಿಗೂ ಅಲೆಯುತ್ತಿದ್ದಾನೆ. ಡೊನೆಗಲ್ ಪ್ರಾಂತದ ಇಂಥ ಒಂದು ಗಡ್ಡೆಮುಖದ ಅಚ್ಚು ಐರ್ಲೆಂಡಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಚಿತ್ರ ನೋಡಿದೆ. ಸುಕ್ಕುಗಟ್ಟಿದ ಕೆನ್ನೆ, ಎರಡೋ ಮೂರೋ ಹಲ್ಲು. ಅಂಗಡಿಯ ಪ್ಲಾಸ್ಟಿಕ್ ಭೂತಕ್ಕಿಂತ ನಿಜವಾಗಿ ಹೆದರಿಕೆ ಹುಟ್ಟಿಸುವ ಮುಖ.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು, 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಬಹುಪಾಲು ಹೋದದ್ದು ಅಮೆರಿಕಕ್ಕೆ. ಟ್ರಂಕು ತುಂಬ ಒಯ್ಯಲು ಅವರ ಹತ್ತಿರ ಏನಿತ್ತು? ಹಾಡು, ದೇವರು, ಹಬ್ಬದ ದಿನ, ಇಷ್ಟೇ. ಅಲ್ಲಿ ನೋಡಿದರೆ ಹೊಲ ತುಂಬ ಕುಂಬಳ. ಟರ್ನಿಪ್ಪಿಗಿಂತ ದೊಡ್ಡದು, ಮೆತ್ತಗಿನದು, ಒಳಗೆ ಅರ್ಧ ಟೊಳ್ಳು. ಕುಂಬಳದಲ್ಲಿ ಮುಖ ಕೊರೆಯುವ ಆಟ ಅಲ್ಲಿನ ಮಕ್ಕಳಿಗೆ ಮೊದಲೇ ಗೊತ್ತಿತ್ತು; ವಿಟಿಯರ್ ಎಂಬ ಅಮೆರಿಕನ್ ಕವಿ ಪದ್ಯವೊಂದರಲ್ಲಿ ತನ್ನ ಬಾಲ್ಯದ ಆ ಆಟವನ್ನು ನೆನೆದಿದ್ದಾನೆ. ಆದರೆ ಅದು ಸುಗ್ಗಿಯ ಆಟ. ಐರಿಷರು, ಸ್ಕಾಟರು ತಂದದ್ದು ರಾತ್ರಿಯನ್ನು. ಆ ರಾತ್ರಿಗೆ ಈ ಕಾಯಿ ಸೇರಿತು, 19ನೇ ಶತಮಾನ ಮುಗಿಯುವ ಹೊತ್ತಿಗೆ ಎರಡೂ ಒಂದೇ ಆದವು.

ಅಂದ ಹಾಗೆ, ಈ ಸಿಹಿಗುಂಬಳ ನಮ್ಮಲ್ಲಿಗೂ ಅಮೆರಿಕ ಖಂಡದಿಂದ ಬಂದದ್ದೇ. ಹೊಸ ಮನೆಯ ಮುಂದೆ ರಾಕ್ಷಸನ ಮುಖ ಬರೆದು ದೃಷ್ಟಿಗೆಂದು ಕಟ್ಟುವ ಬೂದುಗುಂಬಳ ಮಾತ್ರ ಏಷ್ಯಾದ್ದು. ಬಾಗಿಲಲ್ಲಿ ಭೂತದ ಮುಖ ಬೇಡ ಎಂದು ವಾದ ಮಾಡಿದ ನಾನು, ನನ್ನ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಕಟ್ಟಿದ್ದು ಅದನ್ನೇ.

ಕುಂಬಳದ ದೀಪ ಮಾಡುವುದು ಕಷ್ಟವಲ್ಲ. ತೊಟ್ಟಿನ ಸುತ್ತ ಚೂರಿಯನ್ನು ಓರೆಯಾಗಿ ಹಿಡಿದು ಮುಚ್ಚಳ ಕೊಯ್ಯಬೇಕು. ನೆಟ್ಟಗೆ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ಬೀಜ, ನಾರು ತೆಗೆದು, ಮುಖ ಬರುವ ಕಡೆ ಒಳಗಿನಿಂದ ತೆಳ್ಳಗೆ ಕೆರೆಯಬೇಕು. ಹೊಗೆ ಹೋಗಲು ಒಂದು ತೂತು. ಕೊರೆದ ಕಾಯಿ ಬೇಗ ಕೊಳೆಯುತ್ತದೆ, ಆದ್ದರಿಂದ ಒಂದೆರಡು ದಿನ ಮುಂಚೆ ಮಾಡಿದರೆ ಸಾಕು.

ಕಾಗದದ ಅಲಂಕಾರಕ್ಕೆ ಬೇರೆಯೇ ಚರಿತ್ರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೆನಿಸನ್ ಕಂಪನಿ 1909ರಲ್ಲಿ ‘ಬೋಗಿ ಬುಕ್’ ಎಂಬ ಪುಸ್ತಕ ತಂದಿತು. ಕ್ರೇಪ್ ಕಾಗದ ಕತ್ತರಿಸಿ ಬಾವಲಿ, ಬೆಕ್ಕು, ಮಾಟಗಾತಿ ಮಾಡುವುದು ಹೇಗೆ, ಮನೆ ಸಿಂಗರಿಸುವುದು ಹೇಗೆ ಅನ್ನುವುದೆಲ್ಲ ಅದರಲ್ಲಿತ್ತು. ಕಂಪನಿ ಮಾರಬೇಕಾಗಿದ್ದದ್ದು ತನ್ನ ಕಾಗದವನ್ನು. ವಾಣಿಜ್ಯ ಓದಿದವನಿಗೆ ಅದು ಒಡನೆ ಗೊತ್ತಾಗುತ್ತದೆ. ಹಾಗಿದ್ದರೂ ಕತ್ತರಿ ಹಿಡಿಯುವ ಕೈ ಮನೆಯವರದೇ ಆಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹ್ಯಾಲೋವೀನ್ ರಾತ್ರಿಯ ಹುಡುಗಾಟ ವಿಪರೀತಕ್ಕೆ ಹೋಗಿ ಕಿಟಕಿ ಗಾಜು ಒಡೆಯುವ ಮಟ್ಟಕ್ಕೆ ಬಂದಾಗ, ಹುಡುಗರನ್ನು ಬೀದಿಯಿಂದ ಒಳಗೆ ಕರೆಯಲು ಊರವರು, ತಾಯಂದಿರು ಕಡಿಮೆ ಖರ್ಚಿನಲ್ಲಿ ಪಾರ್ಟಿಗಳನ್ನು ಏರ್ಪಡಿಸಿದರು. ಅಲ್ಲಿ ಕೆಲಸಕ್ಕೆ ಬಂದದ್ದು ಇಂಥ ಕಾಗದ, ಹಳೆಯ ಬಟ್ಟೆ. ಎರಡನೆಯ ಮಹಾಯುದ್ಧ ಮುಗಿದು ಸಕ್ಕರೆಯ ಪಡಿತರ ನಿಂತ ಮೇಲೆ ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು ಹಬ್ಬಿತು. ಕ್ರಮೇಣ ಪ್ಲಾಸ್ಟಿಕ್ ಬಂತು; ಮಾಡುವುದು ಹೋಗಿ ಕೊಳ್ಳುವುದಾಯಿತು.

ಇಲ್ಲಿಗೆ ಓದು ನಿಲ್ಲಿಸಿದೆ. ಯಾಕೆಂದರೆ ಈ ಕೊನೆಯ ಸಾಲು ನನ್ನದೇ ಕಥೆ.

ನಮ್ಮದು ಉಡುಪಿ ಕಡೆಯ ಹಳ್ಳಿ. ದೀಪಾವಳಿಗೆ ಅಪ್ಪಯ್ಯ ಬಿದಿರು ಸೀಳಿ, ಕಡ್ಡಿ ಕಟ್ಟಿ, ಮೈದಾ ಅಂಟಿನಿಂದ ಬಣ್ಣದ ಕಾಗದ ಹಚ್ಚಿ ಗೂಡುದೀಪ ಮಾಡುತ್ತಿದ್ದರು. ಅದನ್ನು ಅಂಗಳದಲ್ಲಿ ಎತ್ತರಕ್ಕೆ ಕಟ್ಟುವಾಗ ‘ಹಿರಿಯರಿಗೆ ದಾರಿ ಕಾಣ್ಲಿ’ ಅನ್ನುತ್ತಿದ್ದರು. ಒಳಗೆ ಸತ್ತವರಿಗೆ ಅಂತ ಒಂದು ಎಲೆ ಹಾಕಿ ಬಡಿಸುವುದೂ ಇತ್ತು. ಮುಂಬಯಿಗೆ ಬಂದ ಮೇಲೆ ನಾನು ಮಾಡಿದ್ದೇನು? ಮೊದಲ ವರ್ಷಗಳಲ್ಲಿ ಮಾಹಿಮ್‌ನ ಕಂದೀಲ್ ಗಲ್ಲಿಗೆ ಹೋಗಿ ಕಾಗದದ ಕಂದೀಲು ತಂದೆ. ಆಮೇಲೆ ಸ್ಟೇಷನ್ ಹೊರಗೆ ಸಿಗುವ ಪ್ಲಾಸ್ಟಿಕ್ಕಿನದು. ಮಡಚಿ ಅಟ್ಟದಲ್ಲಿಟ್ಟರೆ ಮರುವರ್ಷಕ್ಕೂ ಆಗುತ್ತದೆ. ಮಗನಿಗೆ ಕಡ್ಡಿ ಕಟ್ಟುವುದನ್ನು ಕಲಿಸಲಿಲ್ಲ. ಪುರುಸೊತ್ತಿರಲಿಲ್ಲ ಅನ್ನುವುದು ನೆಪ. ಹ್ಯಾಲೋವೀನ್ ವಿದೇಶಿ ಹಬ್ಬ ಎಂದು ಹೇಳಿದ ಆ ಸಂಜೆ ನಮ್ಮ ಮನೆಯಲ್ಲಿ ಕೈಯಿಂದ ಮಾಡಿದ್ದು ಅಂತ ಇದ್ದದ್ದು ಆ ಬೆಡ್‌ಶೀಟಿನ ಭೂತ ಒಂದೇ.

2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ ಬಂತು. ಎರಡು ವಾರ ಮುಂಚೆ ಮೊಮ್ಮಗಳನ್ನು ಕರೆದುಕೊಂಡು ಮಾರ್ಕೆಟ್ಟಿನಲ್ಲಿ ಬುಟ್ಟಿ ಹೆಣೆಯುವವರ ಹತ್ತಿರ ಬಿದಿರ ಕಡ್ಡಿ ತಂದೆ. ಅಪ್ಪಯ್ಯ ಹೇಗೆ ಕಟ್ಟುತ್ತಿದ್ದರೆಂದು ಕೈಗೆ ನೆನಪಿರಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದೆವು. ಮೂರನೆಯ ಸಲ ನಿಂತಿತು, ಒಂದು ಕಡೆ ವಾಲಿಕೊಂಡೇ. ಬಾಲ್ಕನಿಗೆ ಕಟ್ಟುವಾಗ ಅಪ್ಪಯ್ಯನ ಮಾತು ಹೇಳಿದೆ. ‘ಅಂದ್ರೆ ಇದೂ ಸತ್ತವರಿಗೇನಾ?’ ಅಂದಳು. ಹೌದು ಎಂದೆ. ‘ಮತ್ತೆ ಹೋದ ವರ್ಷ ನಂದನ್ಯಾಕೆ ತೆಗೆಸಿದ್ರಿ?’

ಉತ್ತರ ಇರಲಿಲ್ಲ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಮಕ್ಕಳ ಭೂತಕ್ಕೆ ಲಿಫ್ಟಿನ ಪಕ್ಕದ ಗೋಡೆ ಕೊಡಬೇಕೆಂದು ನಾನೇ ಎದ್ದು ಹೇಳಿದೆ. ಒಬ್ಬರು ಮುಖ ಗಂಟಿಕ್ಕಿದರು, ಉಳಿದವರು ಒಪ್ಪಿದರು. ಹಬ್ಬ ಮುಗಿದು ಗೂಡುದೀಪವನ್ನು ಕೆಳಗಿಳಿಸಿದಾಗ ಅವಳು ಅದರ ಕಾಗದ ಹರಿದು, ಅದೇ ಕಡ್ಡಿಗಳಿಗೆ ಕಪ್ಪು ಕಾಗದ ಹಚ್ಚಿ, ಎರಡು ಕಣ್ಣು, ಒಂದು ವಕ್ರ ಬಾಯಿ ಕತ್ತರಿಸಿದಳು. ಅಕ್ಟೋಬರ್ 31ರ ರಾತ್ರಿ ನಮ್ಮ ಮಹಡಿಯಲ್ಲಿ ಒಳಗೆ ಸಣ್ಣ ಬಲ್ಬು ಉರಿಯುತ್ತ ಅದು ನೇತಾಡುತ್ತಿತ್ತು. ಒಂದು ಕಡೆ ವಾಲಿಕೊಂಡೇ.